ಕಲಿಕೆಗೆ ವಯಸ್ಸಿನ ಗಡಿ ಬೇಡ



ನಮ್ಮ ಹಿರಿಯರ ಕಾಲದಲ್ಲಿ ಅಕ್ಷರವನ್ನರಿಯದವನು ಊರಿನ ಓದುಬಲ್ಲವನೊಬ್ಬನನ್ನು ಆಶ್ರಯಿಸಿ ಬಾಳಬೇಕಾಗಿತ್ತು. ದೂರದ ಮಗನ ಕಾಗದವನ್ನು ಓದಿಸುವುದಕ್ಕೂ ಸಾಹುಕಾರನ ಪತ್ರಕ್ಕೆ ಹೆಬ್ಬೆಟ್ಟು ಒತ್ತುವುದಕ್ಕೂ ಪರರ ಕಣ್ಣೇ ಗತಿಯಾಗಿತ್ತು. ಓದಿ ಹೇಳುವವನು ಸಜ್ಜನನಾಗಿದ್ದರೆ ಕ್ಷೇಮ. ಅಲ್ಲದಿದ್ದರೆ ಹೊಲ ಕೈಬಿಟ್ಟು ಹೋದುದು ಕೂಡ ತಿಳಿಯುತ್ತಿರಲಿಲ್ಲ. ಆ ಹೆಬ್ಬೆಟ್ಟಿನ ಕಾಲವು ಕಳೆಯಿತೆಂದು ನಾವು ಸಮಾಧಾನಪಟ್ಟುಕೊಳ್ಳುತ್ತಿರುವಾಗಲೇ ಅದು ಬೇರೊಂದು ರೂಪದಲ್ಲಿ ಮರಳಿ ಬಂದಿದೆ. ಹಿಂದೆ ಬೆರಳನ್ನು ಮಸಿಗೆ ಒತ್ತುತ್ತಿದ್ದೆವು. ಇಂದು ಗಾಜಿನ ಮೇಲೆ ಒತ್ತುತ್ತೇವೆ. ಏತಕ್ಕೆ ಒತ್ತುತ್ತಿದ್ದೇವೆಂಬುದು ತಿಳಿಯದಿದ್ದರೆ ಎರಡಕ್ಕೂ ಭೇದವೇನು?

ಇಂದು ಸರಕಾರದ ವ್ಯವಹಾರವೆಲ್ಲ ಗಣಕಯಂತ್ರಕ್ಕೆ ಏರಿದೆ. ಜಾತಿಪತ್ರ, ಆದಾಯಪತ್ರ, ಪಿಂಚಣಿ, ಬೆಳೆವಿಮೆ, ವಿದ್ಯಾರ್ಥಿವೇತನ, ಇವುಗಳಿಗೆಲ್ಲ ಕಾಸರಗೋಡು ವಯನಾಡುಗಳಲ್ಲಿ ಅಕ್ಷಯ ಕೇಂದ್ರದ ಬಾಗಿಲಿಗೆ, ಹೊಸೂರು ತಾಳವಾಡಿಗಳಲ್ಲಿ ಇ-ಸೇವೈ ಕೇಂದ್ರಕ್ಕೆ, ಜತ್ತ ಅಕ್ಕಲಕೋಟೆಗಳಲ್ಲಿ ಮಹಾ ಇ-ಸೇವಾ ಕೇಂದ್ರಕ್ಕೆ, ಆಂಧ್ರ ತೆಲಂಗಾಣಗಳಲ್ಲಿ ಮೀ ಸೇವಾ ಕೇಂದ್ರಕ್ಕೆ ಹೋಗಬೇಕು. ಒಳನಾಡಿನ ಕನ್ನಡಿಗನಿಗೆ ಯಂತ್ರವೊಂದೇ ಅಪರಿಚಿತ. ಗಡಿನಾಡಿನ ಕನ್ನಡಿಗನಿಗಾದರೋ ಯಂತ್ರವೂ ಅಪರಿಚಿತ, ಯಂತ್ರದ ಮೇಲೆ ಮೂಡುವ ಲಿಪಿಯೂ ಎಷ್ಟೋ ಸಲ ಅಪರಿಚಿತ. ತನ್ನ ಜಮೀನಿನ ಉತಾರವನ್ನೋ ಪಟ್ಟಾವನ್ನೋ ಅಡಂಗಲನ್ನೋ ತಾನೇ ಓದಲಾರದೆ ನಿಲ್ಲುವವನು ಎರಡು ಬಗೆಯಲ್ಲಿ ಪರಾಧೀನನಾಗುವನು.

ಆದುದರಿಂದ ಈ ಕರಪತ್ರದ ಮಾತು ಇಷ್ಟೆ: ಮೊಬೈಲು ಮತ್ತು ಗಣಕಯಂತ್ರಗಳ ವಿದ್ಯೆಯನ್ನು ನಮ್ಮ ಹಳ್ಳಿಗಳಲ್ಲಿ ಎಲ್ಲ ವಯಸ್ಸಿನವರಿಗೂ ಕಲಿಸಬೇಕು, ಅದನ್ನು ಕನ್ನಡದಲ್ಲಿಯೇ ಕಲಿಸಬೇಕು, ಮುದುಕರನ್ನೂ ಮಕ್ಕಳನ್ನೂ ಒಂದೇ ಮಣೆಯ ಮೇಲೆ ಕೂರಿಸಿ ಕಲಿಸಬೇಕು.

ಅರವತ್ತು ದಾಟಿದವರ ಗತಿಯೇನು?

ಕೇಂದ್ರ ಸರಕಾರವು 2017ರಲ್ಲಿ ಪ್ರಧಾನಮಂತ್ರಿ ಗ್ರಾಮೀಣ ಡಿಜಿಟಲ್ ಸಾಕ್ಷರತಾ ಅಭಿಯಾನವೆಂಬ ಯೋಜನೆಯನ್ನು ಆರಂಭಿಸಿತು. 6 ಕೋಟಿ ಗ್ರಾಮೀಣ ಕುಟುಂಬಗಳಲ್ಲಿ ಮನೆಗೊಬ್ಬರಂತೆ ತರಬೇತಿ ಕೊಡುವುದು ಅದರ ಗುರಿಯಾಗಿತ್ತು. ತರಬೇತಿಯ ಅವಧಿ 20 ಗಂಟೆ. 2024ರ ಮಾರ್ಚ್ 31ಕ್ಕೆ ಯೋಜನೆ ಮುಗಿಯುವಷ್ಟರಲ್ಲಿ 6 ಕೋಟಿಗೂ ಹೆಚ್ಚು ಜನರು ಕಲಿತರು. ಇದು ಸಣ್ಣ ಕಾರ್ಯವಲ್ಲ. ಅದನ್ನು ನಾವು ಕೃತಜ್ಞತೆಯಿಂದ ನೆನೆಯಬೇಕು. ಆದರೆ ಆ ಯೋಜನೆಗೆ ಎರಡು ಬೇಲಿಗಳಿದ್ದವು. ಮನೆಗೆ ಒಬ್ಬರು ಮಾತ್ರ ಎಂಬುದು ಒಂದು. 14ರಿಂದ 60 ವರ್ಷದವರು ಮಾತ್ರ ಎಂಬುದು ಇನ್ನೊಂದು.

ಗಡಿನಾಡಿನ ಮನೆಗಳಿಗೆ ಈ ಎರಡು ಬೇಲಿಗಳೂ ತೊಡಕಾದವು. ಕಲಿತ ಆ ಒಬ್ಬನು ಸಾಮಾನ್ಯವಾಗಿ ಮನೆಯ ಹುಡುಗನು. ಅವನು ಬೆಂಗಳೂರಿಗೋ ಪುಣೆಗೋ ಮುಂಬಯಿಗೋ ಕೊಲ್ಲಿ ದೇಶಗಳಿಗೋ ಹೊಟ್ಟೆಪಾಡಿಗಾಗಿ ಹೊರಟುಹೋದರೆ ಮನೆಯ ವಿದ್ಯೆಯೂ ಅವನೊಡನೆ ಗಾಡಿ ಹತ್ತುವುದು. ಉಳಿಯುವವರು ತಾಯಿತಂದೆಯರು, ಅಜ್ಜ ಅಜ್ಜಿಯರು, ಎಳೆಯ ಮಕ್ಕಳು. ಪಿಂಚಣಿ ಬೇಕಾದವರು ಅವರೇ. ಔಷಧ ಬೇಕಾದವರು ಅವರೇ. ಜಮೀನು ಯಾರ ಹೆಸರಿನಲ್ಲಿದೆಯೋ ಅವರೂ ಅವರೇ.

"ಅರವತ್ತಕ್ಕೆ ಅರಳು ಮರಳು" ಎಂದು ನಾವೇ ಗಾದೆ ಕಟ್ಟಿಕೊಂಡಿದ್ದೇವೆ. "ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ?" ಎಂದೂ ಕೇಳುತ್ತೇವೆ. ಇದಕ್ಕೆ ಉತ್ತರವು ಕಾಸರಗೋಡಿನ ನಮ್ಮ ಬಂಧುಗಳು ಬಾಳುತ್ತಿರುವ ರಾಜ್ಯದಲ್ಲಿಯೇ ದೊರಕಿದೆ. ಕೇರಳವು 2002ರಲ್ಲಿ ಮಲಪ್ಪುರಂ ಜಿಲ್ಲೆಯಿಂದ ಅಕ್ಷಯ ಯೋಜನೆಯನ್ನು ತೊಡಗಿಸಿದಾಗ ಅಲ್ಲಿಯೂ ಮನೆಗೊಬ್ಬರಿಗೆ ಗಣಕಯಂತ್ರದ ಪರಿಚಯ ಮಾಡಿಸುವುದೇ ಗುರಿಯಾಗಿತ್ತು. ಇಪ್ಪತ್ತು ವರ್ಷಗಳ ಅನುಭವದ ಮೇಲೆ ಆ ರಾಜ್ಯವು ಅಷ್ಟು ಸಾಲದೆಂದು ಕಂಡುಕೊಂಡಿತು. ತಿರುವನಂತಪುರ ಜಿಲ್ಲೆಯ ಪುಲ್ಲಂಪಾರ ಎಂಬ ಪಂಚಾಯತಿಯಲ್ಲಿ ಮನೆಮನೆಯನ್ನು ವಿಚಾರಿಸಿ, ಮೊಬೈಲು ಬಾರದವರನ್ನು ಗುರುತಿಸಿ, ಉದ್ಯೋಗ ಖಾತರಿಯ ಕೆಲಸದ ಜಾಗಗಳಲ್ಲಿಯೂ ಪಾಠ ಹೇಳಿದರು. 2022ರಲ್ಲಿ ಆ ಪಂಚಾಯತಿಯನ್ನು ಸಂಪೂರ್ಣ ಡಿಜಿಟಲ್ ಸಾಕ್ಷರವೆಂದು ಸಾರಲಾಯಿತು. ಅದೇ ಕ್ರಮವನ್ನು ಡಿಜಿ ಕೇರಳಂ ಎಂಬ ಹೆಸರಿನಿಂದ ರಾಜ್ಯಕ್ಕೆಲ್ಲ ಹರಡಿ, 2025ರ ಆಗಸ್ಟ್ 21ರಂದು ಇಡೀ ರಾಜ್ಯವೇ ಆ ಗುರಿ ಮುಟ್ಟಿತೆಂದು ಘೋಷಿಸಿದರು. ಕಲಿತವರು ಸುಮಾರು 21.87 ಲಕ್ಷ, ಅವರಲ್ಲಿ 90 ವರ್ಷ ದಾಟಿದವರೇ 15 ಸಾವಿರಕ್ಕೂ ಮಿಕ್ಕಿ, ನೂರು ದಾಟಿದ ವೃದ್ಧರೊಬ್ಬರೂ ಅವರಲ್ಲಿದ್ದರು. ಕಲಿಸಿದವರು ಸಂಬಳದ ಪಂಡಿತರಲ್ಲ. ವಿದ್ಯಾರ್ಥಿಗಳು, ಕುಟುಂಬಶ್ರೀಯ ಹೆಣ್ಣುಮಕ್ಕಳು, ಊರಿನ ಸ್ವಯಂಸೇವಕರು. ಮರವೂ ಬಗ್ಗುವುದು, ಆದರೆ ಬಗ್ಗಿಸುವ ಕೈಗೆ ತಾಳ್ಮೆಯಿರಬೇಕು.

ಕಲಿತರೆ ಬರುವ ಲಾಭವೇನು?

"ಈ ವಯಸ್ಸಿನಲ್ಲಿ ನಮಗೇಕೆ? ಮಗ ಮಾಡಿಕೊಡುವನು" ಎನ್ನುವವರಿದ್ದಾರೆ. ಅವರಿಗೆ ನಮ್ಮ ಹಿರಿಯರ ಇನ್ನೊಂದು ಗಾದೆಯನ್ನು ನೆನಪಿಸುತ್ತೇವೆ: ಆಳು ಮಾಡಿದ್ದು ಹಾಳು, ಮಗ ಮಾಡಿದ್ದು ಮಧ್ಯಮ, ತಾನು ಮಾಡಿದ್ದು ಉತ್ತಮ.

ವೃದ್ಧರ ವಿಷಯವನ್ನೇ ಮೊದಲು ನೋಡೋಣ. ನಿವೃತ್ತ ಸರಕಾರಿ ನೌಕರನು ತಾನು ಬದುಕಿರುವುದಾಗಿ ವರ್ಷಕ್ಕೊಮ್ಮೆ ಪ್ರಮಾಣಪತ್ರ ಕೊಡಬೇಕು. ಇದಕ್ಕಾಗಿ ಕಚೇರಿಯ ಮೆಟ್ಟಲು ಹತ್ತುವ ಕಷ್ಟವನ್ನು ತಪ್ಪಿಸಲು 2014ರಲ್ಲಿ ಜೀವನ್ ಪ್ರಮಾಣ್ ಎಂಬ ವ್ಯವಸ್ಥೆ ಬಂದಿತು. 2021ರಿಂದ ಫೋನಿಗೆ ಮುಖ ತೋರಿಸಿ ಮನೆಯಲ್ಲಿಯೇ ಅದನ್ನು ಮುಗಿಸಬಹುದಾಗಿದೆ. 2020ರಲ್ಲಿ ಮನೆಯಿಂದಲೇ ಬಳಸುವಂತೆ ತೆರೆದ ಇ-ಸಂಜೀವನಿಯ ಮೂಲಕ ವೈದ್ಯರೊಡನೆ ಫೋನಿನಲ್ಲಿಯೇ ಮುಖಾಮುಖಿಯಾಗಿ ಮಾತನಾಡಬಹುದು. ತಾಲೂಕು ಕೇಂದ್ರಕ್ಕೆ ಬಸ್ಸು ಹಿಡಿಯುವ ಶಕ್ತಿಯಿಲ್ಲದವರಿಗೆ ಇದೇನು ಅಲ್ಪ ಉಪಕಾರವೇ?

ರೈತನ ಮಾತು ಬಂದರೆ, ಅಕ್ಕಲಕೋಟೆಯ ಒಕ್ಕಲಿಗನು ಈರುಳ್ಳಿಯನ್ನು ಸೊಲ್ಲಾಪುರದ ಮಾರುಕಟ್ಟೆಗೆ ಒಯ್ಯುವ ಮೊದಲು, ಆದವಾನಿ ಸೀಮೆಯವನು ಹತ್ತಿಯನ್ನು ಗಾಡಿಗೆ ಹೇರುವ ಮೊದಲು, ಧಾರಣೆಯನ್ನು ಸರಕಾರದ ಅಗ್ಮಾರ್ಕ್‌ನೆಟ್ ಎಂಬ ಜಾಲತಾಣದಲ್ಲಿ ನೋಡಿಕೊಳ್ಳಬಹುದು. ದಲ್ಲಾಳಿಯ ಬಾಯಿಂದ ಕೇಳಿದ ಬೆಲೆಗೂ ತಾನೇ ಓದಿ ತಿಳಿದ ಬೆಲೆಗೂ ನಡುವೆ ಇರುವುದು ಅವನ ವರ್ಷದ ಬೆವರು. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯು ಸಿದ್ಧಪಡಿಸಿದ ದಾಮಿನಿ ಎಂಬ ಆ್ಯಪು ಹತ್ತಿರದಲ್ಲಿ ಸಿಡಿಲು ಬೀಳುವ ಸೂಚನೆಯನ್ನು ಮುಂಚಿತವಾಗಿ ಕೊಡುವುದು. ಬಯಲಿನಲ್ಲಿ ಕುರಿ ಕಾಯುವವನಿಗೂ ಗದ್ದೆಯಲ್ಲಿ ನಾಟಿ ನೆಡುವವಳಿಗೂ ಅದು ಪ್ರಾಣದ ಮಾತು.

ಗೃಹಿಣಿಯರನ್ನು ಮರೆಯಬಾರದು. ಎಷ್ಟೋ ಮನೆಗಳಲ್ಲಿ ಸ್ವಸಹಾಯ ಸಂಘದ ಸಾಲ ತೀರಿಸುವವಳು ಹೆಂಗಸು. ಬ್ಯಾಂಕಿನ ಸಂದೇಶ ಬರುವ ಫೋನು ಮಾತ್ರ ಗಂಡಸಿನ ಜೇಬಿನಲ್ಲಿ. ತನ್ನ ಖಾತೆಗೆ ಎಷ್ಟು ಬಂದಿತು, ಎಷ್ಟು ಹೋಯಿತೆಂಬುದನ್ನು ತಾನೇ ಓದಬಲ್ಲ ಹೆಂಗಸಿಗೆ ಮನೆಯಲ್ಲಿಯೂ ಸಂಘದಲ್ಲಿಯೂ ಮಾತಿನ ತೂಕ ಹೆಚ್ಚುವುದು.

ಇನ್ನು ಮಕ್ಕಳು. 2020ರ ಜೂನ್‌ನಲ್ಲಿ ಮಹಾಮಾರಿಯಿಂದ ಶಾಲೆಗಳು ಮುಚ್ಚಿದ್ದಾಗ ಕೇರಳದಲ್ಲಿ ಫಸ್ಟ್ ಬೆಲ್ ಎಂಬ ಪಾಠಗಳು ದೂರದರ್ಶನದಲ್ಲಿ ಬಂದವು. ಕನ್ನಡ ಮಾಧ್ಯಮದ ಮಕ್ಕಳಿಗಾಗಿ ಕನ್ನಡ ಪಾಠಗಳೂ ತಯಾರಾಗಿ ಅಂತರಜಾಲದಲ್ಲಿ ದೊರೆತವು. ಪಾಠವು ಆಕಾಶದಲ್ಲಿದ್ದರೆ ಸಾಲದು. ಅದನ್ನು ಹುಡುಕಿ ತೆಗೆದು ಮಗುವಿನ ಮುಂದಿಡುವ ಹಿರಿಯರು ಮನೆಯಲ್ಲಿರಬೇಕು.

ಯಂತ್ರಕ್ಕೆ ಕನ್ನಡ ಬರುವುದು

"ಮೊಬೈಲಿಗೆ ಇಂಗ್ಲಿಷೇ ಬೇಕು, ಇಲ್ಲವೆ ರಾಜ್ಯದ ಭಾಷೆಯೇ ಬೇಕು" ಎಂಬ ಭಾವನೆ ನಮ್ಮವರಲ್ಲಿ ಬೇರೂರಿದೆ. ಇದು ನಿಜವಲ್ಲ. ಲೋಕದ ಲಿಪಿಗಳನ್ನೆಲ್ಲ ಗಣಕಯಂತ್ರಕ್ಕೆ ಅಳವಡಿಸಲು 1991ರಲ್ಲಿ ಪ್ರಕಟವಾದ ಯೂನಿಕೋಡ್ ಸಂಕೇತದ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನ ದೊರೆಯಿತು. ಕೆ. ಪಿ. ರಾವ್ ಅವರು ಕನ್ನಡಕ್ಕೆ ಒಪ್ಪುವ ಕೀಲಿಮಣೆಯನ್ನು ರೂಪಿಸಿದರು. ಶೇಷಾದ್ರಿವಾಸು ಅವರ ಬರಹ ತಂತ್ರಾಂಶವು 1998ರಲ್ಲಿ ಬಂದಿತು. ಕನ್ನಡ ಗಣಕ ಪರಿಷತ್ತು ನುಡಿ ತಂತ್ರಾಂಶವನ್ನು ಕೊಟ್ಟಿತು. 2017ರಿಂದೀಚೆಗೆ ಗೂಗಲ್ ಕೀಲಿಮಣೆಯಲ್ಲಿ ಕನ್ನಡದಲ್ಲಿ ಮಾತನಾಡಿದರೆ ಫೋನು ಅದನ್ನು ಬರೆದುಕೊಳ್ಳುವುದು. ಒತ್ತಕ್ಷರವನ್ನು ಹುಡುಕಿ ಒತ್ತಲಾರದ ಅಜ್ಜಿಯೂ ಬಾಯಿಂದ ಹೇಳಿ ಕಾಗದ ಬರೆಯಿಸಬಹುದು. ಫೋನಿನ ಸೆಟ್ಟಿಂಗಿಗೆ ಹೋಗಿ ಭಾಷೆಯನ್ನು ಕನ್ನಡಕ್ಕೆ ಬದಲಿಸಿದರೆ ಅದರ ಹೆಸರುಗಳೂ ಸೂಚನೆಗಳೂ ಕನ್ನಡದಲ್ಲಿಯೇ ತೋರುವುವು. ಯಂತ್ರಕ್ಕೆ ಕನ್ನಡ ಬಾರದೆಂಬುದು ಸುಳ್ಳು. ನಾವು ಅದನ್ನು ಕನ್ನಡದಲ್ಲಿ ಮಾತನಾಡಿಸಿಲ್ಲವೆಂಬುದೇ ಸತ್ಯ.

ಅಷ್ಟೇ ಅಲ್ಲ, ತಮಿಳಿನಲ್ಲಿಯೋ ಮರಾಠಿಯಲ್ಲಿಯೋ ತೆಲುಗಿನಲ್ಲಿಯೋ ಬಂದ ನೋಟೀಸಿನ ಮೇಲೆ ಫೋನಿನ ಕ್ಯಾಮರಾ ಹಿಡಿದರೆ ಅದರ ತಾತ್ಪರ್ಯವನ್ನು ಕನ್ನಡದಲ್ಲಿ ಓದಬಹುದು. ಆದರೆ ಯಂತ್ರದ ಅನುವಾದವು ತಪ್ಪುವುದುಂಟು. ವಿಷಯವೇನೆಂದು ತಿಳಿಯಲು ಅದು ಸಾಕು. ಜಮೀನಿನ ಪತ್ರಕ್ಕೆ ರುಜು ಹಾಕಲು ಸಾಲದು. ಬಾಳುವ ರಾಜ್ಯದ ಭಾಷೆಯನ್ನು ಕಲಿಯಬೇಡಿರೆಂದು ನಾವು ಎಂದಿಗೂ ಹೇಳುವುದಿಲ್ಲ. ನೆರೆಯ ಭಾಷೆಯನ್ನು ಬಲ್ಲವನಿಗೆ ಎರಡು ಕಣ್ಣು. ಆದರೆ ತನ್ನ ಭಾಷೆಯನ್ನು ಬಿಟ್ಟು ನೆರೆಯ ಭಾಷೆಯನ್ನು ಹಿಡಿದವನಿಗೆ ಕಣ್ಣು ಒಂದೇ ಉಳಿಯುವುದು.

ಅಜ್ಜನ ಅಕ್ಷರ, ಮೊಮ್ಮಗನ ಬೆರಳು

ಒಂದೇ ಮಣೆಯ ಮೇಲೆ ಇಬ್ಬರನ್ನೂ ಕೂರಿಸಬೇಕೆಂದು ನಾವು ಒತ್ತಿ ಹೇಳುವುದಕ್ಕೆ ಕಾರಣವುಂಟು. ಗಡಿನಾಡಿನ ಮನೆಗಳಲ್ಲಿ ಇಂದು ಒಂದು ವಿಚಿತ್ರವನ್ನು ಕಾಣುತ್ತೇವೆ. ಅಜ್ಜನು ಕನ್ನಡ ಶಾಲೆಯಲ್ಲಿ ಓದಿದವನು. ಕನ್ನಡ ಪತ್ರಿಕೆಯನ್ನು ಸರಾಗವಾಗಿ ಓದುವನು. ಆದರೆ ಫೋನಿನಲ್ಲಿ ಹಸಿರು ಗುಂಡಿಯೊಂದನ್ನು ಬಿಟ್ಟು ಬೇರೇನನ್ನೂ ಅರಿಯನು. ಮೊಮ್ಮಗನು ಫೋನನ್ನು ಅರಗಿಸಿ ಕುಡಿದವನು. ಮನೆಯಲ್ಲಿ ಕನ್ನಡ ಮಾತನಾಡುವನು. ಆದರೆ ಶಾಲೆಯಲ್ಲಿ ಮಲಯಾಳವನ್ನೋ ಮರಾಠಿಯನ್ನೋ ಇಂಗ್ಲಿಷನ್ನೋ ಕಲಿತುದರಿಂದ ಕನ್ನಡದ ಕಾಗುಣಿತವನ್ನು ಅರಿಯನು. ಒಬ್ಬನಲ್ಲಿ ಅಕ್ಷರವಿದೆ, ಯಂತ್ರವಿಲ್ಲ. ಇನ್ನೊಬ್ಬನಲ್ಲಿ ಯಂತ್ರವಿದೆ, ಅಕ್ಷರವಿಲ್ಲ. ಇಬ್ಬರೂ ಒಂದೇ ಸೂರಿನ ಕೆಳಗೆ, ಒಬ್ಬರಿಗೊಬ್ಬರು ಉಪಯೋಗವಾಗದೆ ಕುಳಿತಿದ್ದಾರೆ.

ಇವರಿಬ್ಬರನ್ನು ಜೊತೆಗೂಡಿಸಿದರೆ ಫೋನಿನ ಪಾಠವೇ ಕನ್ನಡದ ಪಾಠವಾಗುವುದು. ಎಲ್ಲಿ ಒತ್ತಬೇಕೆಂದು ಮೊಮ್ಮಗನು ತೋರಿಸುವನು. ಒತ್ತಿದಲ್ಲಿ ಏನು ಬರೆದಿದೆಯೆಂದು ಅಜ್ಜನು ಓದುವನು. ಹತ್ತು ದಿನ ಹೀಗೆ ನಡೆದರೆ ಅಜ್ಜನಿಗೆ ಗುಂಡಿಯ ಭಯ ಬಿಡುವುದು, ಮೊಮ್ಮಗನಿಗೆ ಅಕ್ಷರದ ನಂಟು ಹತ್ತುವುದು. ಸಂವಿಧಾನದ 350 ಎ ವಿಧಿಯು ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸೌಕರ್ಯ ಒದಗಿಸಲು ಪ್ರಯತ್ನಿಸಬೇಕೆಂದು ರಾಜ್ಯಗಳಿಗೆ ಹೇಳಿದೆ. ಆ ಸೌಕರ್ಯವನ್ನು ನಾವು ಕೇಳುತ್ತಲೇ ಇರಬೇಕು. ಆದರೆ ಅದು ಬರುವವರೆಗೆ ಮಗುವಿನ ಬಾಲ್ಯವು ಕಾಯುವುದಿಲ್ಲ.

ಮೋಸವನ್ನು ತಡೆಯುವ ವಿದ್ಯೆ

ಫೋನು ಬಂದುದರಿಂದಲೇ ಕೇಡು ಬಂದಿತೆಂದು ಹೇಳುವ ಹಿರಿಯರ ಮಾತನ್ನು ತಳ್ಳಿಹಾಕಲಾಗದು. 2024ರ ಒಂದೇ ವರ್ಷದಲ್ಲಿ ಸೈಬರ್ ವಂಚನೆಯಿಂದ ನಮ್ಮ ದೇಶದ ಜನರು ಕಳೆದುಕೊಂಡ ಹಣವು 22 ಸಾವಿರ ಕೋಟಿ ರೂಪಾಯಿಗೂ ಮಿಕ್ಕಿತೆಂದು ಸರಕಾರವೇ ಲೋಕಸಭೆಗೆ ತಿಳಿಸಿದೆ. ಆದರೆ ಕಳ್ಳನಿದ್ದಾನೆಂದು ಬಾಗಿಲನ್ನೇ ಇಡಿಸದೆ ಮನೆ ಕಟ್ಟುವವರಿಲ್ಲ. ಅಗುಳಿ ಹಾಕಲು ಕಲಿಯುವರು. ಆದುದರಿಂದ ಒತ್ತುವುದನ್ನು ಕಲಿಸುವ ಮೊದಲು ಒತ್ತದಿರುವುದನ್ನು ಕಲಿಸಬೇಕು.

ಈ ನಾಲ್ಕು ಮಾತುಗಳನ್ನು ಪ್ರತಿಯೊಬ್ಬರೂ ಬಾಯಿಪಾಠ ಮಾಡತಕ್ಕದ್ದು. ಹಣ ಕೊಡುವುದಕ್ಕೆ ಮಾತ್ರ ಗುಪ್ತಸಂಖ್ಯೆ ಬೇಕು. ಹಣ ಪಡೆಯುವುದಕ್ಕೆ ಬೇಡವೇ ಬೇಡ. ಬ್ಯಾಂಕಿನವರೆಂದು ಹೇಳಿಕೊಂಡು ಓಟಿಪಿ ಕೇಳುವವನು ಬ್ಯಾಂಕಿನವನಲ್ಲ. ಪೋಲೀಸರು ವೀಡಿಯೊ ಕರೆಯಲ್ಲಿ ಯಾರನ್ನೂ ಬಂಧಿಸುವುದಿಲ್ಲ. ಡಿಜಿಟಲ್ ಅರೆಸ್ಟ್ ಎಂಬುದು ಯಾವ ಕಾನೂನಿನಲ್ಲಿಯೂ ಇಲ್ಲ. ಮೋಸಹೋದರೆ ನಾಚಿಕೆಪಟ್ಟು ಮುಚ್ಚಿಡದೆ ಆ ಗಳಿಗೆಯಲ್ಲಿಯೇ 1930 ಎಂಬ ಸಂಖ್ಯೆಗೆ ಕರೆಮಾಡಬೇಕು. ತಡವಾದಷ್ಟೂ ಹಣ ಕೈಗೆ ಸಿಗದಂತೆ ದೂರ ಸರಿಯುವುದು. ಅರಿಯದವನ ಭಯವೇ ವಂಚಕನ ಬಂಡವಾಳ. ಆ ಭಯವು ನೀಗಿದರೆ ಅವನ ಅಂಗಡಿ ಮುಚ್ಚುವುದು.

ನಮ್ಮ ಲೆಕ್ಕ, ನಮ್ಮ ಅರ್ಜಿ

ವಂಚಕನಿಂದ ಹಣವನ್ನು ಉಳಿಸಿಕೊಳ್ಳುವುದು ಈ ವಿದ್ಯೆಯ ಒಂದು ಮುಖ. ಊರಿನ ಹಕ್ಕನ್ನು ಉಳಿಸಿಕೊಳ್ಳುವುದು ಇನ್ನೊಂದು. 2027ರ ಮಾರ್ಚ್ 1ನ್ನು ಆಧಾರದಿನವಾಗಿಟ್ಟುಕೊಂಡ ಜನಗಣತಿಯನ್ನು ಕೇಂದ್ರ ಸರಕಾರವು 2025ರ ಜೂನ್ 16ರಂದು ಅಧಿಸೂಚಿಸಿತು. ಇದು ಭಾರತದ ಮೊದಲ ಡಿಜಿಟಲ್ ಗಣತಿ. ಗಣತಿದಾರನ ಕಾಗದದ ಜಾಗದಲ್ಲಿ ಫೋನು ಬಂದಿದೆ. ಕುಟುಂಬದವರೇ ತಮ್ಮ ವಿವರವನ್ನು ತುಂಬುವ ಅವಕಾಶವನ್ನೂ ಯೋಜಿಸಲಾಗಿದೆ. ಹಿಂದಿನ ಗಣತಿಗಳಲ್ಲಿ ಮಾತೃಭಾಷೆಯ ಕಲಮು ಇದ್ದುದು ಎಲ್ಲರಿಗೂ ತಿಳಿದಿದೆ. ಭಾಷಾ ಅಲ್ಪಸಂಖ್ಯಾತರ ರಕ್ಷಣೆಯ ಯೋಜನೆಯಂತೆ, ಒಂದು ಜಿಲ್ಲೆಯಲ್ಲೋ ತಾಲೂಕಿನಲ್ಲೋ ಶೇಕಡಾ 15 ಮಂದಿ ಒಂದು ಭಾಷೆಯನ್ನಾಡುವವರಿದ್ದರೆ ಮುಖ್ಯ ನಿಯಮಗಳನ್ನೂ ಪ್ರಕಟಣೆಗಳನ್ನೂ ಆ ಭಾಷೆಯಲ್ಲಿಯೂ ಹೊರಡಿಸತಕ್ಕದ್ದು. ಆ ಶೇಕಡಾ ಲೆಕ್ಕ ಹುಟ್ಟುವುದು ಗಣತಿಯಿಂದ. ನಿಮ್ಮ ಮನೆಯ ಕಲಮಿನಲ್ಲಿ ಪರರ ಬೆರಳು ಏನು ಬರೆಯಿತೆಂದು ತಿಳಿಯದೆ ಕುಳಿತರೆ ಆಮೇಲೆ ಯಾರನ್ನು ದೂರುವುದು?

ಹಾಗೆಯೇ ಸಂವಿಧಾನದ 350ನೆಯ ವಿಧಿಯು, ಕುಂದುಕೊರತೆಯ ನಿವಾರಣೆಗಾಗಿ ಕೇಂದ್ರಕ್ಕಾಗಲಿ ರಾಜ್ಯಕ್ಕಾಗಲಿ ಮನವಿ ಸಲ್ಲಿಸುವಾಗ, ಆ ಕೇಂದ್ರದಲ್ಲಿ ಅಥವಾ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಬರೆಯುವ ಹಕ್ಕನ್ನು ಪ್ರತಿಯೊಬ್ಬನಿಗೂ ಕೊಟ್ಟಿದೆ. ಈ ಹಕ್ಕು ಗ್ರಂಥದಲ್ಲಿ ಮಲಗಿದೆ. ಕನ್ನಡದಲ್ಲಿ ಅರ್ಜಿ ಬೆರಳಚ್ಚು ಮಾಡಬಲ್ಲವರು ಊರಿಗೆ ಹತ್ತು ಮಂದಿಯಾದರೆ ಅದು ಎದ್ದು ನಡೆಯುವುದು.

ಮಾಡಬೇಕಾದುದೇನು?

ಇದಕ್ಕೆ ಕಟ್ಟಡ ಬೇಡ, ದೊಡ್ಡ ದೇಣಿಗೆ ಬೇಡ. ಸಂಜೆಯ ಹೊತ್ತು ಬರಿದಾಗಿರುವ ಶಾಲೆಯ ಕೋಣೆ, ವಾಚನಾಲಯ, ಭಜನಾಮಂದಿರ, ಗುಡಿಯ ಜಗಲಿ, ಯಾವುದಾದರೂ ಸಾಕು. ವಾರಕ್ಕೆ ಎರಡು ದಿನ, ದಿನಕ್ಕೆ ಒಂದು ಗಂಟೆಯಂತೆ ಹತ್ತು ವಾರ ನಡೆದರೆ 20 ಗಂಟೆಗಳಾದವು. ಕೇಂದ್ರದ ಯೋಜನೆಯಲ್ಲಿಯೂ ಇದ್ದ ಕಾಲ ಅಷ್ಟೆ.

ಕಾಲೇಜು ಓದುವ ಇಬ್ಬರು ಮೂವರು ತರುಣ ತರುಣಿಯರು ಮುಂದೆ ಬರಲಿ. 50 ದಾಟಿದವರೊಬ್ಬರು ಮತ್ತು 20ರೊಳಗಿನವರೊಬ್ಬರು ಎಂಬಂತೆ ಜೋಡಿಗಳಾಗಲಿ. ಮೊದಲ ದಿನ ಫೋನಿನ ಭಾಷೆಯನ್ನು ಕನ್ನಡಕ್ಕೆ ತಿರುಗಿಸುವುದು. ಎರಡನೆಯ ದಿನ ಮೋಸದ ಕರೆಯನ್ನು ಗುರುತಿಸುವುದು. ಅನಂತರ ಕನ್ನಡದಲ್ಲಿ ಬರೆಯುವುದು, ಬಾಯಿಂದ ಹೇಳಿ ಬರೆಯಿಸುವುದು, ಧಾರಣೆ ನೋಡುವುದು, ಜಮೀನಿನ ದಾಖಲೆ ತೆಗೆಯುವುದು, ವೈದ್ಯರನ್ನು ಕಾಣುವುದು. ಕೊನೆಯ ದಿನ ಊರಿನ ನಿಜವಾದ ಕೊರತೆಯೊಂದರ ಮೇಲೆ ಕನ್ನಡದಲ್ಲಿ ಅರ್ಜಿ ಬರೆದು ಕಳುಹಿಸುವುದು. ಕಲಿಯುವವರು ತಮ್ಮ ಫೋನನ್ನು ತಮ್ಮ ಕೈಯಿಂದಲೇ ಒತ್ತಬೇಕು. ಕಲಿಸುವವನು ಅದನ್ನು ಕಿತ್ತುಕೊಂಡು ತಾನೇ ಮಾಡಿ ಕೊಡಬಾರದು. ಸಾಮಾನ್ಯ ಫೋನು ಇರುವವರನ್ನು ಹೊರಗಿಡಬಾರದು. ಅವರಿಗೂ ಹಣ ಕಳುಹಿಸುವ ಯುಪಿಐ 123ಪೇ ಎಂಬ ದಾರಿ 2022ರಿಂದ ತೆರೆದಿದೆ. ಹೆಂಗಸರು ಬರಲನುಕೂಲವಾದ ವೇಳೆಯನ್ನು ಹೆಂಗಸರನ್ನೇ ಕೇಳಿ ಗೊತ್ತುಮಾಡಬೇಕು.

ಬಂಧುಗಳೇ, ನಮ್ಮ ಊರುಗಳನ್ನು ಯಾವ ರಾಜ್ಯದ ನಕ್ಷೆಯಲ್ಲಿ ಬರೆಯಬೇಕೆಂಬುದನ್ನು ದೊಡ್ಡವರು ದೊಡ್ಡ ಊರುಗಳಲ್ಲಿ ಕುಳಿತು ನಿರ್ಣಯಿಸಿದರು. ನಮ್ಮ ಮನೆಯ ಅಜ್ಜಿ ತನ್ನ ಪಿಂಚಣಿಯ ಸಂದೇಶವನ್ನು ತಾನೇ ಓದಬೇಕೋ ಬೇಡವೋ ಎಂಬುದನ್ನು ನಿರ್ಣಯಿಸುವವರು ಮಾತ್ರ ನಾವೇ. ಇದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ. ಬರುವ ಅಮಾವಾಸ್ಯೆಯೊಳಗೆ ನಿಮ್ಮ ಊರಿನ ನಾಲ್ಕು ಮಂದಿ ಹಿರಿಯರೂ ನಾಲ್ಕು ಮಂದಿ ಕಿರಿಯರೂ ಒಂದೆಡೆ ಸೇರಿ ಪಾಠದ ಜಾಗವನ್ನೂ ದಿನವನ್ನೂ ಗೊತ್ತುಮಾಡಿರೆಂದು ವಿಜ್ಞಾಪಿಸಿಕೊಳ್ಳುತ್ತೇವೆ.